ಎಳೆದರೆ ತೆರೆಯುವ ಬಾಗಿಲನ್ನು ತಳ್ಳಿದವರಿಗೆ

ನಮ್ಮ ಪೊಲೀಸ್ ಠಾಣೆಯ ಸಾಮಾನು ಕೋಣೆಯಲ್ಲಿ ಲಾಠಿಗಳ ಪಕ್ಕದಲ್ಲಿ ವಿರಾಜಮಾನರಾಗಿರುವ, ನಾಲ್ಕು ಹಿಡಿಕೆಗಳೂ ಒಂದೇ ಮನಸ್ಸೂ ಉಳ್ಳ, ಬಾಗಿಲು ಒಡೆಯುವ ಉಕ್ಕಿನ ದಿಮ್ಮಿಯವರ ಸನ್ನಿಧಿಗೆ, ಮೇಲಿನ ಬೀದಿಯ ಹದಿನಾಲ್ಕನೇ ಮನೆಯ ಬೀಗ ರಿಪೇರಿ ಮುದುಕನ ನಮಸ್ಕಾರಗಳು.

ಮಾನ್ಯರೇ,

ನಾವಿಲ್ಲಿ ಕ್ಷೇಮ. ನಮ್ಮ ಬಾಗಿಲಿನಿಂದ ತಮ್ಮ ಮೂತಿಗೆ ಹೆಚ್ಚಿನ ಪೆಟ್ಟೇನೂ ಆಗಿಲ್ಲವೆಂದು ನಂಬಿದ್ದೇನೆ. ಹಳೆಯ ಮರ, ಒಳಗೆ ಗಂಟು ಜಾಸ್ತಿ, ಎಲ್ಲಾದರೂ ತರಚಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಷ್ಟು ದೊಡ್ಡ ಇಲಾಖೆಯಲ್ಲಿ ಮನುಷ್ಯರನ್ನೆಲ್ಲ ಬಿಟ್ಟು ತಮಗೇಕೆ ಬರೆಯುತ್ತಿದ್ದೇನೆ ಎಂದು ತಮಗೆ ಅನ್ನಿಸಬಹುದು. ಮನುಷ್ಯರಿಗೂ ಬರೆದೆ. ಮೊದಲ ಪತ್ರಕ್ಕೆ ಮೊಹರು ಹಾಕಿದ ರಸೀದಿ ಬಂತು, ಎರಡನೆಯದಕ್ಕೆ ಮೊದಲನೆಯದರ ರಸೀದಿಯನ್ನು ಲಗತ್ತಿಸಿ ಎಂಬ ಸೂಚನೆ ಬಂತು, ಮೂರನೆಯದಕ್ಕೆ ಅದೂ ಇಲ್ಲ. ಹಾಗಿರುವಾಗ ಇಡೀ ಇಲಾಖೆಯಲ್ಲಿ ನಮ್ಮ ಮನೆಯೊಳಗೆ ಮೊದಲು ತಲೆ ಹಾಕಿದವರು ತಾವಲ್ಲವೇ, ಆ ಪರಿಚಯವನ್ನೇ ಯಾಕೆ ಬೆಳೆಸಬಾರದು ಎನ್ನಿಸಿತು. ಅಲ್ಲದೆ ನಾವಿಬ್ಬರೂ ಒಂದೇ ಕಸುಬಿನವರು. ತೆರೆಯದ ಬಾಗಿಲನ್ನು ತೆರೆಯುವುದೇ ತಮ್ಮ ಕೆಲಸವೂ ನನ್ನ ಕೆಲಸವೂ. ನನಗೆ ಒಂದೂವರೆ ನಿಮಿಷ ಬೇಕು, ತಮಗೆ ಮೂರು ಏಟು ಸಾಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಹಿರಿಯರು ತಮ್ಮ ವಂಶವನ್ನು ಹೊಗಳಿಯೇ ಹೇಳಿರಬೇಕು.

ಆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ತಾವು ದಯಮಾಡಿಸಿದ್ದು ಕೆಳಗಿನ ಬೀದಿಯ ಹದಿನಾಲ್ಕನೇ ಮನೆಗೆ. ತಲುಪಿದ್ದು ಮೇಲಿನ ಬೀದಿಯ ಹದಿನಾಲ್ಕಕ್ಕೆ. ಇದನ್ನು ತಪ್ಪೆಂದು ನಾನು ಹೇಳಲಾರೆ, ಸಂಖ್ಯೆ ಸರಿಯಾಗಿಯೇ ಇತ್ತು, ಬೀದಿ ಮಾತ್ರ ಬೇರೆಯಾಗಿತ್ತು. ನೂರಕ್ಕೆ ಐವತ್ತು ಅಂಕ ಬಂದರೆ ಶಾಲೆಯಲ್ಲಿಯೂ ಪಾಸು ಮಾಡುತ್ತಾರೆ. ಯಾರನ್ನು ಹಿಡಿಯಲು ತಾವು ಹೊರಟಿದ್ದಿರೋ ಅವರು ನಮ್ಮ ಮನೆಯ ಗದ್ದಲ ಕೇಳಿ ಓಡಿಬಂದು, ಗುಂಪಿನ ಮುಂದಿನ ಸಾಲಿನಲ್ಲಿ ನಿಂತು, ನನ್ನನ್ನು ಜೀಪು ಹತ್ತಿಸುವವರೆಗೂ ಕನಿಕರದಿಂದ ನೋಡುತ್ತಿದ್ದರೆಂದು ಆಮೇಲೆ ತಿಳಿಯಿತು.

ತಾವು ಬಾಗಿಲು ಮುಟ್ಟುವ ಮುಂಚೆ ನಡೆದ ಒಂದು ಸಣ್ಣ ಸಂಗತಿಯನ್ನು ತಮಗೆ ಯಾರೂ ಹೇಳಿರಲಿಕ್ಕಿಲ್ಲ. ಬಾಗಿಲು ಒಡೆಯುವ ಮೊದಲು ಬೀಗದವನಿಗೆ ಫೋನು ಮಾಡಬೇಕೆಂಬುದು ಠಾಣೆಯ ನಿಯಮ, ಮತ್ತು ಇಪ್ಪತ್ತಾರು ವರ್ಷದಿಂದ ಆ ಬೀಗದವನು ನಾನೇ. ದಾಖಲೆ ಕೋಣೆಯ ಕೀಲಿ ಕಳೆದಾಗ ಬಂದಿದ್ದೇನೆ. ಪೇದೆಯೊಬ್ಬರು ಕೈಕೋಳ ಸರಿಯಾಗಿದೆಯೇ ಎಂದು ತಮ್ಮ ಕೈಗೇ ಹಾಕಿ ನೋಡಿಕೊಂಡು ಮಧ್ಯಾಹ್ನದ ಊಟಕ್ಕೂ ಕೂರಲಾಗದೆ ಒದ್ದಾಡುತ್ತಿದ್ದಾಗಲೂ ಬಂದಿದ್ದೇನೆ. ಹೊಸದಾಗಿ ಬಂದ ಸಾಹೇಬರು ನಿಯಮ ಬಲ್ಲವರು, ನನ್ನನ್ನು ಬಲ್ಲವರಲ್ಲ. ನಮ್ಮ ಬಾಗಿಲ ಮುಂದೆ ನಿಂತು, ಠಾಣೆಯ ಗೋಡೆಗೆ ಅಂಟಿಸಿದ ಪಟ್ಟಿಯಿಂದ ಬರೆದುಕೊಂಡು ಬಂದಿದ್ದ ಬೀಗದವನ ನಂಬರಿಗೆ ಫೋನು ಮಾಡಿದರು. ನಾನು ಹಿಂದಿನ ಕೋಣೆಯಲ್ಲಿ ಕೀಲಿ ಕೊರೆಯುವ ಯಂತ್ರ ಹಾಕಿಕೊಂಡಿದ್ದೆ, ಕೇಳಿಸಲಿಲ್ಲ. ಫೋನು ಕಿಟಕಿಯ ಬಳಿ ಬಡಿದುಕೊಂಡಿತು. ಹೊರಗೆ ಒತ್ತಿದ ನಂಬರು ಒಳಗೆ ರಿಂಗಾಗುತ್ತಿರುವುದನ್ನು ಕಿವಿಯಾರೆ ಕೇಳಿದ ಸಾಹೇಬರು, ಒಳಗಿನವರಿಗೆ ಯಾರೋ ಸುಳಿವು ಕೊಡುತ್ತಿದ್ದಾರೆ, ತಡ ಮಾಡಬೇಡಿ ಎಂದು ತಮ್ಮನ್ನು ಮುಂದಕ್ಕೆ ಕರೆದರಂತೆ. ಇಂಥ ಬುದ್ಧಿ ನನಗಿದ್ದಿದ್ದರೆ ನಾನು ಬೀಗ ರಿಪೇರಿ ಮಾಡಿಕೊಂಡು ಇರುತ್ತಿದ್ದೆನೇ?

ಇನ್ನು ಬಾಗಿಲಿನ ವಿಷಯ. ನಮ್ಮ ಮುಂದಿನ ಕೋಣೆ ಇಕ್ಕಟ್ಟು, ಒಳಕ್ಕೆ ತೆರೆದರೆ ಬಾಗಿಲು ಕೆಲಸದ ಮೇಜಿಗೆ ತಾಗುತ್ತದೆಂದು ಮೂವತ್ತು ವರ್ಷದ ಹಿಂದೆ ನಾನೇ ಕೀಲು ತಿರುಗಿಸಿ ಅದನ್ನು ಹೊರಕ್ಕೆ ತೆರೆಯುವ ಹಾಗೆ ಮಾಡಿದ್ದೆ. ಹಗಲಲ್ಲಿ ಚಿಲಕವನ್ನೂ ಹಾಕುವುದಿಲ್ಲ. ಸೊಪ್ಪು ಬಿಡಿಸುತ್ತ ಕುಳಿತಿದ್ದ ನನ್ನಾಕೆ ಹೊರಗಿನ ಕೂಗು ಕೇಳಿ, ಗಿರಾಕಿಗಳೇ ಇರಬೇಕೆಂದುಕೊಂಡು, ಕೂತಲ್ಲಿಂದಲೇ ಮೂರು ಸಲ ಹೇಳಿದಳು: "ತೆಗ್ದೇ ಇದೆ, ಎಳೀರಪ್ಪಾ." ಮೂರನೆಯ ಸಲ ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ಚೌಕಟ್ಟಿನ ಸಮೇತ ಸೊಪ್ಪಿನ ಬುಟ್ಟಿಯ ಪಕ್ಕದಲ್ಲಿ ಬಂದು ಮಲಗಿತ್ತು. ಎಳೆಯುವುದು ತಮ್ಮ ಜಾಯಮಾನವಲ್ಲವೆಂದು ಅವಳಿಗೆ ಆಗ ತಿಳಿದಿರಲಿಲ್ಲ, ಕ್ಷಮಿಸಿ.

ಇಷ್ಟಕ್ಕೇ ಮುಗಿದಿದ್ದರೆ ನಾನು ಕಾಗದ ಹಾಳು ಮಾಡುತ್ತಿರಲಿಲ್ಲ. ಆದರೆ ಗೋಡೆಯ ಮೇಲೆ ಒಂದು ಹಲಗೆ ಇತ್ತು, ಅದರ ಮೊಳೆಗಳಲ್ಲಿ ಐವತ್ತಮೂರು ಕೀಲಿಗಳಿದ್ದವು. ಬೀದಿಯವರು ತಮ್ಮ ಮನೆಯ ಎರಡನೇ ಕೀಲಿಯನ್ನು ನನ್ನ ಹತ್ತಿರ ಇಟ್ಟು ಹೋಗುವುದು ಎಷ್ಟೋ ವರ್ಷದ ರೂಢಿ. ಮಕ್ಕಳು ಒಳಗಿನಿಂದ ಬೀಗ ಹಾಕಿಕೊಂಡರೆ, ಒಲೆಯ ಮೇಲೆ ಹಾಲಿಟ್ಟು ಬಾಗಿಲೆಳೆದುಕೊಂಡು ಬಂದುಬಿಟ್ಟರೆ ನನ್ನನ್ನೇ ಕೂಗುತ್ತಾರೆ. ಕಳ್ಳನ ಕೈಗೆ ಸಿಕ್ಕರೂ ತಿಳಿಯಬಾರದೆಂದು ಕೀಲಿಗಳಿಗೆ ಹೆಸರು ಬರೆಯದೆ ಬಣ್ಣದ ದಾರ ಕಟ್ಟಿದ್ದೆ, ಯಾವ ದಾರ ಯಾವ ಮನೆ ಎಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು. ಐವತ್ತಮೂರು ಮನೆಯ ಕೀಲಿ, ಅದರ ಮೇಲೆ ಗುಪ್ತ ಸಂಕೇತ! ಸಾಹೇಬರಿಗೆ ಆದ ಸಂತೋಷವನ್ನು ಏನೆಂದು ಬಣ್ಣಿಸಲಿ. ಸಂಜೆಯವರೆಗೂ ಠಾಣೆಯ ಬೆಂಚಿನ ಮೇಲೆ ಕೂರಿಸಿ, ಹಸಿರು ದಾರ ಯಾರದು, ಕೆಂಪು ದಾರ ಯಾರದು ಎಂದು ಕೇಳಿದರು. ನಾನು ಹೇಳಲಿಲ್ಲ. ನಂಬಿ ಕೊಟ್ಟವರ ಮನೆ ತೋರಿಸಿಕೊಟ್ಟರೆ ನಾನೆಂಥ ಬೀಗದವನು?

ಬೀದಿ ತಪ್ಪಿದ್ದು ಗೊತ್ತಾದ ಮೇಲೆ ಬಿಟ್ಟರು. ಕೀಲಿಗಳನ್ನೂ ಕೊಟ್ಟರು, ಆದರೆ ದಾರಗಳನ್ನೆಲ್ಲ ಕತ್ತರಿಸಿ, ಒಂದೇ ಚೀಲಕ್ಕೆ ಸುರಿದು. ಅದಕ್ಕೇನೂ ನಾನು ಬೇಸರ ಮಾಡಿಕೊಳ್ಳಲಿಲ್ಲ, ಕೀಲಿಯ ಹಲ್ಲು ಮುಟ್ಟಿದರೆ ಮನೆ ಹೇಳುವ ಕೈ ನನ್ನದು. ರಾತ್ರಿ ಊಟದ ಹೊತ್ತಿಗೆ ಎಲ್ಲವನ್ನೂ ಅವುಗಳ ಮೊಳೆಗೆ ತೂಗುಹಾಕಿ ಮುಗಿಸಿದ್ದೆ. ಮಾರನೆಯ ದಿನದಿಂದ ಒಬ್ಬೊಬ್ಬರೇ ಬರತೊಡಗಿದರು. ಕ್ಷೌರಿಕ ಬಂದು ತನ್ನ ಕೀಲಿ ಎಲ್ಲೋ ಬಿದ್ದುಹೋಯಿತೆಂದು ಇದನ್ನು ಕೇಳಿ ಒಯ್ದ, ಒಯ್ಯುವಾಗ ಬಿದ್ದುಹೋಗಿದ್ದೆಂದ ಕೀಲಿ ಅವನ ಸೊಂಟದಲ್ಲೇ ಜೋತಾಡುತ್ತಿತ್ತು. ಟೈಲರು ಹೆಂಡತಿಯನ್ನು ಕಳಿಸಿದ. ಶಾಲೆಯ ಮೇಡಮ್ಮು ಬೀಗವನ್ನೇ ಬದಲಾಯಿಸಿದ್ದೇವೆ ಎಂದರು. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಬೀದಿಯಲ್ಲಿ ನಾನಲ್ಲದವರು ಬೀಗ ಬದಲಾಯಿಸಿದರು. ಯಾರೂ ಒಂದು ಒರಟು ಮಾತಾಡಲಿಲ್ಲ, ಎಲ್ಲರೂ ಚಹಾ ಕುಡಿದೇ ಹೋದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ನಾನೇನೂ ಆನೆ ಕೇಳುತ್ತಿಲ್ಲ.

ಕೊನೆಗೆ ಬಂದವಳು ಎದುರುಮನೆಯ ನರ್ಸು. ಅವಳ ತಾಯಿ ಕಾಲು ಸ್ವಾಧೀನವಿಲ್ಲದೆ ಮನೆಯಲ್ಲಿ ಒಬ್ಬರೇ ಇರುತ್ತಾರೆ, ಮಗಳು ಆಸ್ಪತ್ರೆಗೆ ಹೋದ ಹೊತ್ತಿನಲ್ಲಿ ಏನಾದರೂ ಆದರೆ ಎಂದೇ ಆ ಕೀಲಿ ನನ್ನ ಬಳಿ ಇತ್ತು. ಅವಳು ನೆವ ಹೇಳಲಿಲ್ಲ. "ಅಜ್ಜ, ನಿಮ್ಮ ಮೇಲೆ ನಂಗೆ ಅನುಮಾನ ಇಲ್ಲ. ಅವರು ಇನ್ನೊಂದ್ಸಲ ಬಂದ್ರೆ ಅಮ್ಮನ ಕೀಲಿ ಅವರ ಕೈಗೆ ಹೋಗತ್ತಲ್ಲ, ಅದಕ್ಕೆ," ಎಂದಳು. ನಾನು ಕೀಲಿಯನ್ನು ಮೊಳೆಯಿಂದ ತೆಗೆದು ಕೊಟ್ಟೆ.

ಕಳೆದ ಗುರುವಾರ ಆಕೆಯ ತಾಯಿ ಮಂಚದಿಂದ ಬಿದ್ದರು. ಎರಡು ಗಂಟೆ ಕಾಲ ಗೋಡೆಗೆ ಲೋಟ ಬಡಿಯುತ್ತಿದ್ದರಂತೆ. ಹಿಂದಿನ ಕೋಣೆಯ ಯಂತ್ರದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಬೀದಿಯವರಿಗೆ ಕೇಳಿಸಿತು, ಬಾಗಿಲ ಮುಂದೆ ಸೇರಿದರು, ಪೊಲೀಸರಿಗೆ ಹೇಳೋಣ ಎಂದು ಒಬ್ಬರು ಅಂದರೆ, ಹೇಳಿದರೆ ದಿಮ್ಮಿ ತರುತ್ತಾರೆ, ಮುದುಕಿ ಬಾಗಿಲ ಹಿಂದೆಯೇ ಬಿದ್ದಿದ್ದರೆ ಏನು ಗತಿ ಎಂದು ಇನ್ನೊಬ್ಬರು ತಡೆದರು. ತಮ್ಮ ಕೀರ್ತಿ ಅಷ್ಟು ದೂರ ಹಬ್ಬಿದೆ. ನನ್ನನ್ನು ಕರೆಯಲು ಅವರಿಗೆ ನಾಚಿಕೆ. ಕೊನೆಗೆ ಟೈಲರು ಬಂದು, ಮುಖ ನೋಡದೆ, ಬಾ ಅಜ್ಜ ಎಂದ. ಒಂದೂವರೆ ನಿಮಿಷದಲ್ಲಿ ತೆರೆದೆ. ತೆರೆದ ಮೇಲೆ, ಎಪ್ಪತ್ತೊಂದನೇ ವಯಸ್ಸಿನಲ್ಲಿ, ಖಾಲಿ ಇವೆಯೆಂದು ಬೀದಿಗೆಲ್ಲ ಎರಡೂ ಕೈ ತೋರಿಸಿ ಒಳಗೆ ಹೋದೆ. ಹೊರಗೆ ಬರುವಾಗಲೂ ತೋರಿಸಿದೆ. ತಾಯಿಯ ಸೊಂಟ ಮುರಿದಿದೆ. ಮೊದಲೇ ಎತ್ತಿದ್ದರೆ ಇಷ್ಟು ನರಳುತ್ತಿರಲಿಲ್ಲವೆಂದು ವೈದ್ಯರು ಅಂದರಂತೆ.

ಇಲಾಖೆ ನಮ್ಮನ್ನು ಬರಿಗೈಯಲ್ಲಿ ಬಿಟ್ಟಿಲ್ಲವೆಂಬುದನ್ನೂ ಹೇಳಲೇಬೇಕು. ಹೊಸ ಬಾಗಿಲು ಹಾಕಿಸಿಕೊಟ್ಟಿದ್ದಾರೆ, ಕಬ್ಬಿಣದ್ದು, ಒಳಕ್ಕೆ ತೆರೆಯುವಂಥದ್ದು. ಮುಂದಿನ ಸಲ ತಳ್ಳಿದರೆ ಸಾಕು, ತಮಗೆ ಶ್ರಮವಿಲ್ಲ. ಕೆಲಸದ ಮೇಜನ್ನು ಅಡುಗೆಮನೆಗೆ ಸಾಗಿಸಿದ್ದೇವೆ, ನನ್ನಾಕೆ ಕೀಲಿಗಳ ನಡುವೆ ಸೊಪ್ಪು ಹೆಚ್ಚುತ್ತಾಳೆ. ಬಾಗಿಲು ಕೊಟ್ಟಾಯಿತು, ಕಡತ ಮುಗಿಯಿತು ಎಂದಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ತಾವು ಆರು ತಿಂಗಳು ನನ್ನ ಬಳಿ ಕಸುಬು ಕಲಿಯಲು ಬನ್ನಿ, ಮೊದಲ ಪಾಠ ಬೆರಳಿನ ಗೆಣ್ಣಿನಿಂದ ಬಾಗಿಲು ತಟ್ಟಿ ಕಾಯುವುದು. ತಮಗೆ ಬೆರಳಿಲ್ಲವೆಂಬ ಚಿಂತೆ ಬೇಡ, ಬೆರಳಿದ್ದವರಿಗೂ ಅದು ಬರಲಿಲ್ಲ. ಅದು ಆಗದಿದ್ದರೆ, ಒಂದು ರಜಾದಿನ ಬೆಳಿಗ್ಗೆ ಎಲ್ಲರೂ ಮನೆಯಲ್ಲಿರುವಾಗ ನಮ್ಮ ಬೀದಿಯ ನಡುವೆ ಬಂದು ನಿಂತು, ಮನೆ ತಪ್ಪಿದ್ದು ನಾವು, ಈ ಮುದುಕನಲ್ಲ ಎಂದು ಒಂದು ಸಲ ಗಟ್ಟಿಯಾಗಿ ಹೇಳಿಬಿಡಿ. ಸಾಹೇಬರು ಬಂದು ಬೀದಿಯಲ್ಲಿ ಹಾಗೆ ಹೇಳಲಿ, ಇನ್ನು ಮೇಲೆ ತಟ್ಟಿಯೇ ಬರುತ್ತೇವೆ ಅನ್ನಲಿ, ಆ ದಿನವೇ ಅಮ್ಮನ ಕೀಲಿ ತಂದುಕೊಡುತ್ತೇನೆ ಎಂದು ನರ್ಸು ಹೇಳಿದ್ದಾಳೆ. ಸಾಹೇಬರಿಗೆ ಬಾಯಿ ಬರುತ್ತಿಲ್ಲ, ತಮಗೆ ಬಾಯಿಯೇ ಇಲ್ಲ. ಇಬ್ಬರಲ್ಲಿ ಯಾರಿಗೆ ಮೊದಲು ಮಾತು ಬರುತ್ತದೋ ಅವರು ಬಂದರೆ ಸಾಕು.

ಕಾಯುತ್ತಿರುವ,
ಕಸುಬಿನಲ್ಲಿ ಸೋದರನೂ ವಯಸ್ಸಿನಲ್ಲಿ ಹಿರಿಯನೂ ಆದ ತಮ್ಮ ವಿಶ್ವಾಸಿ,
ಬೀಗದಜ್ಜ

ತಾ.ಕ.: ನಿನ್ನೆ ಮಧ್ಯಾಹ್ನ ತಮ್ಮನ್ನು ಸರದಿಯ ಮೇಲೆ ಹೊರುವ ಹನ್ನೊಂದು ಮಂದಿಯಲ್ಲಿ ಒಬ್ಬರು, ಯಾರೆಂದು ಬರೆಯುವುದಿಲ್ಲ, ಸಮವಸ್ತ್ರ ಬಿಚ್ಚಿಟ್ಟು ನಮ್ಮ ಮನೆಗೆ ಬಂದಿದ್ದರು. ತಮ್ಮ ಮನೆಯ ಎರಡನೇ ಕೀಲಿಯನ್ನು ಮೇಜಿನ ಮೇಲಿಟ್ಟು, "ಇದು ನಿಮ್ಮತ್ರ ಇರ್ಲಿ ಅಜ್ಜ, ನಾನಿಲ್ದಾಗ ನಮ್ಮ ಠಾಣೆಯವರೇ ಬಂದ್ರೆ ನೀವೇ ಮುಂಚೆ ಬಂದು ತೆಗ್ದುಬಿಡಿ," ಎಂದರು. ಹಲಗೆಯ ಮೇಲೆ ಸದ್ಯಕ್ಕೆ ಇರುವುದು ಅದೊಂದೇ ಕೀಲಿ.