ಕೌಂಟರಿನ ಕುರ್ಚಿ

ಸಂಶೋಧನೆಗೆಂದು ಬಂದ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಈ ಕೆಲಸದಲ್ಲಿ ತೃಪ್ತಿ ಇದೆಯಾ?"

ವಿಶ್ವವಿದ್ಯಾಲಯದ ಗ್ರಂಥಾಲಯದ ಸಿಬ್ಬಂದಿಯೆಲ್ಲ ಚಹಾ ಲೋಟ ಹಿಡಿದು ನಿಂತಿದ್ದರು. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೌಂಟರಿನ ಗುಮಾಸ್ತ ಹೊಸ ಅಳಿಯನಂತೆ ನಕ್ಕ. "ತೃಪ್ತಿನಾ? ಕಿಟಕಿ ಪಕ್ಕದ ಕುರ್ಚಿ, ಗಾಳಿ, ಬೆಳಕು. ಬಂದೋರೆಲ್ಲ ನಮಸ್ಕಾರ ಸಾರ್ ಅಂತಾರೆ. ಇನ್ನೇನು ಬೇಕಮ್ಮ?"

ನೆಲಮಾಳಿಗೆಯ ಸಹಾಯಕನ ಹೊಟ್ಟೆಯೊಳಗೆ ಸ್ಟೌ ಹೊತ್ತಿಕೊಂಡಿತು. ವಾಪಸಾದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತ, ಧೂಳು ಕುಡಿಯುತ್ತ, ಎಂಟು ವರ್ಷದಿಂದ ಅವನು ಕನಸು ಕಂಡದ್ದು ಆ ಕುರ್ಚಿಯನ್ನೇ. ಹಾಗಂತ ಇವನೆದುರು ಸೋಲುವುದುಂಟೆ?

"ನಮ್ಮ ಕೆಳಗಿನ ಸುಖದ ಮುಂದೆ ಇದ್ಯಾವ ಲೆಕ್ಕ ಬಿಡಮ್ಮ," ಎಂದ. "ತಣ್ಣಗಿರುತ್ತೆ. ಒಂದು ನರಪಿಳ್ಳೆ ಬರಲ್ಲ. ಕಣ್ಣು ಎಳೆದ್ರೆ ಕಪಾಟಿಗೆ ಒರಗಿದ್ರಾಯ್ತು."

ಹಿಂದೆಯೇ ನಿಂತಿದ್ದ ಮುಖ್ಯ ಗ್ರಂಥಪಾಲಕರು ಕೆಮ್ಮಿದರು. "ಇಬ್ಬರಿಗೂ ಇಷ್ಟೊಂದು ತೃಪ್ತಿನಾ? ಹಂಗಾದ್ರೆ ಇಲ್ಲಿ ಕೆಲಸ ಯಾರ್ರೀ ಮಾಡ್ತಿದ್ದಾರೆ? ಈಗಲೇ ಜಾಗ ಅದಲು ಬದಲು ಮಾಡ್ಕೊಳ್ಳಿ."

ಸಹಾಯಕ ಮುಖ ಸಪ್ಪಗೆ ಮಾಡಿಕೊಂಡು, ಒಳಗೊಳಗೇ ಕುಣಿಯುತ್ತ ಕುರ್ಚಿ ಏರಿದ.

ಕಿಟಕಿಯಿಂದ ಬರುವುದು ಗಾಳಿಯಲ್ಲ, ಬಿಸಿಲು ಎಂಬುದು ಮೊದಲು ತಿಳಿಯಿತು. ಆಮೇಲೆ ಪರೀಕ್ಷೆಯ ಹುಡುಗರು ಜೇನುಹುಳದಂತೆ ಮುತ್ತಿದರು. ಒಂದೇ ಪುಸ್ತಕವನ್ನು ಮೂವರು ಹಿಡಿದೆಳೆದರು. ರಟ್ಟು ಇವನ ಕೈಯಲ್ಲಿ ಉಳಿಯಿತು. ಅಷ್ಟರಲ್ಲಿ ಪ್ರೊಫೆಸರೊಬ್ಬರು, "ನಾನು ಕೇಳಿದ ಪುಸ್ತಕ ಒಂದು ದಿನಾನೂ ಇರಲ್ವಲ್ರೀ! ಯಾವ ಕಳ್ಳ ಇಟ್ಕೊಂಡಿದ್ದಾನೆ?" ಎಂದು ಗುಡುಗಿದರು.

ಇವನು ಕಂಪ್ಯೂಟರ್ ನೋಡಿ, "ತಾವೇ ಸಾರ್, ಮೂರು ವರ್ಷದಿಂದ," ಎಂದುಬಿಟ್ಟ.

ಆಮೇಲೆ ಇವನಿಗೆ ಸಿಕ್ಕ ಬೈಗುಳವನ್ನು ವಾಚನಾಲಯವಿಡೀ ಪುಸ್ತಕ ಮುಚ್ಚಿಟ್ಟು ಕೇಳಿತು.

ಸಂಜೆ ಸಹಾಯಕ ನೆಲಮಾಳಿಗೆಗೆ ಓಡಿದ. ಗುಮಾಸ್ತ ಕಪಾಟಿಗೆ ಒರಗಿ ಗೊರಕೆ ಹೊಡೆಯುತ್ತಿದ್ದ.

"ಏಳೋ ಪುಣ್ಯಾತ್ಮ! ಆ ನರಕದಲ್ಲಿ ಕೂತು ಇಷ್ಟು ವರ್ಷ ಹೆಂಗೋ ನಗ್ತಿದ್ದೆ?"

"ಅತ್ತಿದ್ರೆ ಆ ಕುರ್ಚಿಗೆ ನೀನು ಬರ್ತಿದ್ಯೇನೋ?" ಗುಮಾಸ್ತ ಮಗ್ಗುಲು ಬದಲಿಸಿದ. "ನೀನೂ ಗಟ್ಟಿ ಆಸಾಮಿ ಬಿಡು. ಬಲೆಗೆ ಬೀಳೋ ತನಕ ಎಂಟು ವರ್ಷ ನನ್ನ ಸುಮ್‌ಸುಮ್ನೆ ನಗಿಸಿದೆ."

ಸಹಾಯಕ ಮೆಟ್ಟಿಲು ಹತ್ತುವಾಗ, ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಅಂಟಿನ ಡಬ್ಬಿ ಹಿಡಿದು ಎದುರಾದ. ಇವನು ತಟ್ಟನೆ ಹಲ್ಲು ಬಿಟ್ಟ. "ಏನ್ ಕುರ್ಚಿನಯ್ಯ ಅದು! ಗಾಳಿ ಏನು, ಬೆಳಕೇನು, ಸ್ವರ್ಗ!"

"ಒಳ್ಳೇದಾಯ್ತು ಸಾರ್," ಎಂದ ಬೈಂಡರ್, ಮನಸಾರೆ. "ರಿಟೈರ್ ಆಗೋ ತನಕ ಯಾರೂ ನಿಮ್ಮನ್ನ ಅಲ್ಲಿಂದ ಎಬ್ಬಿಸದೆ ಇರಲಿ."