ದೊಡ್ಡಪ್ಪನ ಜರ್ಮನ್ ಹೊನ್ನಾವರ

ಬೇರೆಯವರ ದೊಡ್ಡಪ್ಪಂದಿರಿಗೆ ಸೈಟು ಇರುತ್ತದೆ, ಸಕ್ಕರೆ ಕಾಯಿಲೆ ಇರುತ್ತದೆ, ಹೆಚ್ಚೆಂದರೆ ಗ್ಯಾರೇಜಿನಲ್ಲಿ ಒಂದು ಹಳೆಯ ಸ್ಕೂಟರು ಇರುತ್ತದೆ. ನಮ್ಮ ದೊಡ್ಡಪ್ಪನಿಗೆ ಒಂದು ವಸಾಹತೇ ಇದೆ! ಬಂದರು, ರೈಲು, ದೀಪಸ್ತಂಭ, ಅಂಚೆ ಕಚೇರಿ, ನಾಲ್ಕು ಬಣ್ಣದ ಕಸದ ಡಬ್ಬಿಗಳು, ಎಲ್ಲವೂ ಇರುವ ಅಪ್ಪಟ ಜರ್ಮನ್ ವಸಾಹತು. ಒಂದೇ ಕೊರತೆ ಎಂದರೆ ಅದು ಭೂಮಿಯ ಮೇಲೆ ಇಲ್ಲ. ಹ್ಯಾನೋವರಿನ ಲಿಂಡನ್ ಬಡಾವಣೆಯಲ್ಲಿ, ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಹಿಂದಿನ ಗೋಡೆಯ ಮೇಲೆ ಇದೆ.

ದೊಡ್ಡಪ್ಪ ಎಂದರೆ ನಮ್ಮಪ್ಪನ ದೊಡ್ಡಮ್ಮನ ಮಗ. ಮೈಸೂರಿನವರು. ಮಣ್ಣಿನ ವಿಜ್ಞಾನ ಓದಲು ಬಂದವರು ಇಲ್ಲೇ ಪಾಠ ಹೇಳಿ, ಇಲ್ಲೇ ನಿವೃತ್ತರಾಗಿ, ನಲವತ್ತು ವರ್ಷ ಕಳೆದಿದ್ದಾರೆ. ನಾನು ಇಲ್ಲಿಗೆ ಸಾಫ್ಟ್‌ವೇರ್ ಟೆಸ್ಟರ್ ಆಗಿ ಬಂದಾಗ ಅವರ ಮನೆಯಲ್ಲಿ ಎರಡು ವಾರ ಇದ್ದು ಬೇರೆ ಮನೆ ಹುಡುಕಿಕೊಳ್ಳುವುದೆಂದು ಮಾತಾಗಿತ್ತು. ಮೊದಲ ತಿಂಗಳು ಹದಿನೇಳು ಮನೆ ನೋಡಿದೆ. ಹದಿನೇಳು ಮನೆಯವರೂ ನನ್ನನ್ನು ನೋಡಿದರು. ನನಗೆ ಎಲ್ಲ ಮನೆಗಳೂ ಹಿಡಿಸಿದವು, ನಾನು ಮಾತ್ರ ಯಾರಿಗೂ ಹಿಡಿಸಲಿಲ್ಲ. ಹೀಗೆ ಎರಡು ವಾರದ ಅತಿಥಿ ಮೂರು ವರ್ಷದ ಒಕ್ಕಲಾದೆ.

ಮೊದಲ ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ಗೋಡೆಯ ಮೇಲಿನ ನಕ್ಷೆಯನ್ನು ನೋಡಿದೆ. ಕೈಯಲ್ಲಿ ಬರೆದ ನಕ್ಷೆ, ಬಾಗಿಲಿನಷ್ಟು ಉದ್ದ. ಶರಾವತಿ ನದಿ, ಅಳಿವೆ, ಕಡಲು. ಮೇಲೆ ದಪ್ಪ ಅಕ್ಷರದಲ್ಲಿ ‘ಜರ್ಮನ್ ಹೊನ್ನಾವರ’ ಎಂದಿತ್ತು.

"ಇದೇನು ದೊಡ್ಡಪ್ಪ?"

"ಅದಾ? ಒಂದು ಜರ್ಮನ್ ಹಡಗು ಬಿರುಗಾಳಿಗೆ ಸಿಕ್ಕಿ ಹೊನ್ನಾವರದ ಅಳಿವೇಲಿ ನಿಂತ್ಕೊಳ್ತು ಅನ್ಕೋ. ರಿಪೇರಿಗೆ ಅಂತ ಇಳಿದೋರು ವಾಪಸ್ ಹೋಗ್ಲೇ ಇಲ್ಲ. ಬ್ರಿಟಿಷರಿಗೆ ಎಲ್ಲೋ ಒಂದು ದ್ವೀಪ ಕೊಟ್ಟು ಇದನ್ನ ಇಟ್ಕೊಂಡ್ರು. ಮೊದಲನೇ ಮಹಾಯುದ್ಧ ಆಗ್ಲಿಲ್ಲ. ಉಪ್ಪು ಸರಿ ಇದ್ಯಾ?"

ಉಪ್ಪು ಸರಿಯಿತ್ತು. ಚರಿತ್ರೆ ಸರಿಯಿದೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಬಾಡಿಗೆ ಕೊಡದೆ ಇರುವವನು ಗೋಡೆಯ ವಿಚಾರಕ್ಕೆ ಹೋಗಬಾರದು. ಆದರೂ ಬಾಯಿ ಸುಮ್ಮನಿರಲಿಲ್ಲ.

"ನೀವು ಮೈಸೂರಿನವರು. ಹೊನ್ನಾವರ ಯಾಕೆ?"

"ಹಡಗು ನಿಲ್ಲಕ್ಕೆ ಜಾಗ ಬೇಕಲ್ಲಯ್ಯ! ಕುಕ್ಕರಹಳ್ಳಿ ಕೆರೇಲಿ ನಿಲ್ಲಿಸ್ಲಾ?"

ಅಷ್ಟಕ್ಕೇ ನನ್ನ ಸಂಶೋಧನೆ ಮುಗಿಯಿತು. ಉಪ್ಪಿಟ್ಟು ಮುಗಿಯುವ ಹೊತ್ತಿಗೆ ನನ್ನನ್ನು ಆ ವಸಾಹತಿನ ಉಪ ಗವರ್ನರ್ ಆಗಿ ನೇಮಿಸಲಾಗಿತ್ತು. ಗವರ್ನರ್ ಯಾರೆಂದು ಬೇರೆ ಹೇಳಬೇಕೇ?

ಪ್ರತಿ ಭಾನುವಾರ ಹತ್ತು ಗಂಟೆಗೆ ಆಡಳಿತ ಸಭೆ. ಜರ್ಮನಿಯಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಆದ್ದರಿಂದ ಹೊನ್ನಾವರದ ಮೀನು ಪೇಟೆಯಲ್ಲೂ ಅದೇ ಕಾನೂನು. ಅಲ್ಲಿನ ಹೆಂಗಸರು ಭಾನುವಾರ ಬಂಗುಡೆಯನ್ನು ಪಿಸುಗುಟ್ಟಿ ಮಾರಬೇಕು! ಒಡೆದ ತೆಂಗಿನ ಚಿಪ್ಪನ್ನು ಹಸಿ ಕಸದ ಕಂದು ಡಬ್ಬಿಗೆ ಹಾಕಬೇಕೋ ಮಿಕ್ಕ ಕಸದ ಕಪ್ಪು ಡಬ್ಬಿಗೋ ಎಂಬ ಪ್ರಶ್ನೆ ಮೂರು ಭಾನುವಾರ ನಡೆಯಿತು. ನಾನು ಕಂದು ಡಬ್ಬಿಯ ಪಕ್ಷ. ಮೇಜು ಕುಟ್ಟಿ ವಾದಿಸಿದೆ. ವಾರವಿಡೀ ಆಫೀಸಿನ ಮೀಟಿಂಗುಗಳಲ್ಲಿ ಬಾಯಿ ತೆರೆಯದ ನಾನು, ಇಲ್ಲದ ಊರಿನ ಇಲ್ಲದ ಚಿಪ್ಪಿಗಾಗಿ ಗಂಟಲು ಹರಿದುಕೊಂಡೆ ಎಂದರೆ ನನ್ನ ವ್ಯಕ್ತಿತ್ವದ ಅಂದಾಜು ನಿಮಗೆ ಸಿಕ್ಕಿರಬೇಕು.

ಆಮೇಲೆ ನನ್ನ ವೃತ್ತಿಬುದ್ಧಿ ಕೆಲಸ ಕೆಡಿಸಿತು. ವಸಾಹತಿನ ರೈಲು ವೇಳಾಪಟ್ಟಿಯನ್ನು ಓದಿ, ಗೇರುಸೊಪ್ಪೆಯ ಗಾಡಿ ಅಲ್ಲಿಗೆ ಬಂದು ತಲುಪುವ ಮೊದಲೇ ಅಲ್ಲಿಂದ ಹೊರಡುತ್ತಿದೆ ಎಂದು ತೋರಿಸಿಕೊಟ್ಟೆ. ಶಭಾಷ್ ಅನ್ನುತ್ತಾರೆ ಅಂದುಕೊಂಡಿದ್ದೆ. ದೊಡ್ಡಪ್ಪ ಕನ್ನಡಕದ ಮೇಲಿನಿಂದ ನೋಡಿ, "ಮೇಲಧಿಕಾರಿಗಳ ತಪ್ಪನ್ನ ಬಾಯಲ್ಲಿ ಹೇಳೋ ಹಾಗಿಲ್ಲ, ಫಾರಂ ತುಂಬಿ ಹೇಳ್ಬೇಕು" ಎಂದರು. ನನ್ನನ್ನು ಸಿಗ್ನಲ್ ಕಾಯುವವನ ಹುದ್ದೆಗೆ ಇಳಿಸಿದರು. ಆರು ತಿಂಗಳಲ್ಲಿ ಇನ್ನಷ್ಟು ತಪ್ಪು ಹುಡುಕಿ, ದೀಪಸ್ತಂಭದ ಗಾಜು ಒರೆಸುವ ಹುದ್ದೆಯವರೆಗೆ ಜಾರಿದೆ. ಅಸಲಿ ಆಫೀಸಿನಲ್ಲಿ ಮೂರು ವರ್ಷ ಬಡ್ತಿ ಸಿಗದಿದ್ದಾಗ ಆಗದ ಅವಮಾನ ನನಗೆ ಅಲ್ಲಿ ಆಯಿತು!

ನನ್ನ ಗೆಳೆಯ ಪ್ರಶಾಂತ ಒಂದು ಭಾನುವಾರ ಬಂದ. ನಕ್ಷೆ ನೋಡಿದವನೇ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದ.

"ಮಗಾ, ಬ್ರಿಟಿಷರು ಆಳಿದ್ದು ಸಾಲ್ದು ಅಂತ ನಿಮ್ಮ ದೊಡ್ಡಪ್ಪ ಇನ್ನೊಬ್ಬರನ್ನ ಕರ್ಕೊಂಡ್ ಬಂದಿದಾರಾ? ಈ ಜರ್ಮನ್ನರು ಆಫ್ರಿಕಾದಲ್ಲಿ ಏನ್ ಮಾಡಿದ್ರು ಅಂತ ಗೊತ್ತಿಲ್ವಾ ಅವರಿಗೆ? ಊರೂರನ್ನೇ ಮರುಭೂಮಿಗೆ ಅಟ್ಟಿ ಸಾಯಿಸಿದ್ರು!"

ಅಡುಗೆಮನೆಗೂ ಊಟದ ಮೇಜಿಗೂ ನಡುವೆ ಬಾಗಿಲಿರಲಿಲ್ಲ. ದೊಡ್ಡಪ್ಪ ಅಲ್ಲಿಂದಲೇ ಉತ್ತರಿಸಿದರು.

"ಗೊತ್ತು ಕಣಪ್ಪ. ನಿಜವಾದ್ದನ್ನ ಇಡೀ ಒಂದು ಕಪಾಟು ಓದಿದೀನಿ. ಅದಕ್ಕೇ ನನ್ನ ಕಡೆ ಸೈನ್ಯ ಇಲ್ಲ. ಒಂದು ಗುಂಡು ಹಾರಿಸ್ಬೇಕು ಅಂದ್ರೆ ಏಳು ಫಾರಂ ತುಂಬ್ಬೇಕು. ಐದನೇದು ತುಂಬೋ ಹೊತ್ತಿಗೆ ಕೋಪ ಇಳಿದಿರತ್ತೆ. ಇನ್ನು ಹ್ಯಾನೋವರಿನಿಂದ ಬರೋ ಜರ್ಮನ್ನರು ಹೊನ್ನಾವರದಲ್ಲಿ ಟೋಕನ್ ತಗೊಂಡು ಬೆಂಚ್ ಮೇಲೆ ಕೂತ್ಕೋಬೇಕು. ಕನ್ನಡ ಪರೀಕ್ಷೆ ಪಾಸಾಗ್ಬೇಕು. ಒತ್ತಕ್ಷರಕ್ಕೇ ಅರ್ಧ ಜನ ಫೇಲು."

ಜಗಳಕ್ಕೆ ಬಂದಿದ್ದ ಪ್ರಶಾಂತ ಸಂಜೆ ಹೋಗುವಾಗ ವಸಾಹತಿನ ಪಶುವೈದ್ಯಾಧಿಕಾರಿಯಾಗಿದ್ದ. ನನಗಿಂತ ನಾಲ್ಕು ದರ್ಜೆ ಮೇಲೆ.

ಇಷ್ಟರಲ್ಲಿ ನನ್ನ ಮದುವೆಯಾಯಿತು. ಚಿತ್ರಾ ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದವಳು. ಮದುವೆಯಾಗಿ ಹತ್ತೊಂಬತ್ತು ದಿನ ಜೊತೆಗಿದ್ದೆವು, ಆಮೇಲೆ ನಾನು ರಜೆ ಮುಗಿಸಿ ವಾಪಸಾದೆ. ಅವಳು ಕೆಲಸ ಬಿಟ್ಟು, ಸೂಟ್‌ಕೇಸು ತುಂಬಿ, ವೀಸಾಕ್ಕಾಗಿ ಕಾಯತೊಡಗಿದಳು. ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಇಲ್ಲಿನ ವಿದೇಶಿಯರ ಕಚೇರಿ ಒಪ್ಪಬೇಕು. ಅದು ಒಪ್ಪಬೇಕಾದರೆ ಅವಳಿಗೆ ಇರಲು ಮನೆಯಿದೆ ಎಂದು ಮನೆಯ ಯಜಮಾನರು ಬರೆದುಕೊಡಬೇಕು. ಆ ಕಾಗದಕ್ಕೆ ಜರ್ಮನ್ ಭಾಷೆಯಲ್ಲಿ ಒಂದು ಹೆಸರಿದೆ, ಉಸಿರು ಹಿಡಿದು ಹೇಳಿದರೂ ಕೊನೆ ಮುಟ್ಟುವುದಿಲ್ಲ. ದೊಡ್ಡಪ್ಪ ಅದನ್ನು ತುಂಬಿ ಸಹಿ ಮಾಡಿ ಮೇಜಿನ ಮೇಲಿಟ್ಟರು.

ಅದರ ಪಕ್ಕದಲ್ಲೇ ಇನ್ನೊಂದು ಕಾಗದವನ್ನೂ ಇಟ್ಟಿದ್ದರು. ಅದು ಮದುವೆಯ ಉಡುಗೊರೆ. ನಮ್ಮಿಬ್ಬರಿಗೂ ಜರ್ಮನ್ ಹೊನ್ನಾವರದ ಶರಾವತಿ ಬೀದಿಯಲ್ಲಿ, ನದಿಗೆ ಮುಖ ಮಾಡಿದ, ಎರಡು ಕೋಣೆಯ ಮನೆ ಮಂಜೂರಾಗಿತ್ತು! ಅಚ್ಚ ಜರ್ಮನ್ ಭಾಷೆ, ಕಡತ ಸಂಖ್ಯೆ, ಮೊಹರು, ಕೋಣೆಗಳ ಅಳತೆ, ಗವರ್ನರ್ ಸಹಿ. ಯಾವುದಕ್ಕೂ ಲೋಪವಿಲ್ಲ.

ನಾನು ಮಾಡಿದ್ದನ್ನು ಈಗ ಹೇಳಲೇಬೇಕು. ಏನನ್ನೇ ಆಗಲಿ, ಹೊರಗೆ ಹೋಗುವ ಮೊದಲು ಸರಿಯಿದೆಯೇ ಎಂದು ಪರೀಕ್ಷಿಸುವುದು ನನ್ನ ಹೊಟ್ಟೆಪಾಡು. ಅಂಥ ನಾನು ಎರಡು ಕಾಗದಗಳನ್ನೂ ಓದದೆ, ಬರೀ ಮೇಲೆ ಮೇಲೆ ನೋಡಿ, ಯಾವುದು ಹೆಚ್ಚು ಅಚ್ಚುಕಟ್ಟಾಗಿದೆಯೋ ಅದೇ ಸರ್ಕಾರದ್ದು ಎಂದು ತೀರ್ಮಾನಿಸಿ, ಅದನ್ನು ಸ್ಕ್ಯಾನ್ ಮಾಡಿ ಕಳಿಸಿಬಿಟ್ಟೆ. ದೊಡ್ಡಪ್ಪನ ಫಾರಂ ಜರ್ಮನ್ನರ ಫಾರಂಗಿಂತ ಹೆಚ್ಚು ಜರ್ಮನ್ ಆಗಿತ್ತು. ನನ್ನದೇನು ತಪ್ಪು?

ಮೂರು ವಾರಕ್ಕೆ ಉತ್ತರ ಬಂತು. ಬೈಗುಳವಿಲ್ಲ, ಆಶ್ಚರ್ಯವಿಲ್ಲ. ತಾವು ತೋರಿಸಿರುವ ಮನೆಯು ಹೊನ್ನಾವರದಲ್ಲಿದ್ದು, ಆ ಊರು ನಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಸಹಿ ಮಾಡಿರುವ ಗವರ್ನರರ ಹುದ್ದೆಯ ಬಗ್ಗೆ ವಿವರಣೆ ಬೇಕು. ದಾಖಲೆಯ ಸಾಚಾತನ ಖಚಿತವಾಗುವವರೆಗೆ ಅರ್ಜಿಯನ್ನು ತಡೆಹಿಡಿಯಲಾಗಿದೆ.

ಚಿತ್ರಾಳಿಗೆ ಫೋನ್ ಮಾಡಿದೆ. ಅವಳು ಪತ್ರವನ್ನು ಪೂರ್ತಿ ಓದಿಸಿಕೊಂಡಳು. ಆಮೇಲೆ, "ನಾನು ಯಾವ ಜರ್ಮನಿಗೆ ಬರ್ಬೇಕು ಅಂತ ಮೊದ್ಲು ನೀವಿಬ್ರೂ ಮಾತಾಡ್ಕೊಳ್ಳಿ. ನಿಜದ್ದಕ್ಕೋ, ದೊಡ್ಡಪ್ಪಂದಕ್ಕೋ?" ಎಂದಳು. ನಕ್ಕಳು ಅಂದುಕೊಂಡೆ. ಅಳುತ್ತಿದ್ದಳು. ಸುಳ್ಳು ದಾಖಲೆ ಕೊಟ್ಟವನೆಂದು ಒಮ್ಮೆ ಬರೆದುಬಿಟ್ಟರೆ ಅವಳ ವೀಸಾ ಅಲ್ಲಿಗೇ ಮುಗಿಯಿತು, ಬಹುಶಃ ನನ್ನದೂ.

ಎಲ್ಲ ಹೇಡಿಗಳಂತೆ ನಾನೂ ಹತ್ತಿರ ಸಿಕ್ಕವರ ಮೇಲೆ ಹರಿಹಾಯ್ದೆ. "ನಿಮ್ಮ ಆಟದಿಂದ ನನ್ನ ಸಂಸಾರ ಹಾಳಾಯ್ತು" ಎಂದು ದೊಡ್ಡಪ್ಪನ ಮುಂದೆ ಕೂಗಾಡಿದೆ. ಅವರು ಮೇಲಧಿಕಾರಿಯ ಗತ್ತಿನಲ್ಲಿ ಏನಾದರೂ ಚುಚ್ಚುತ್ತಾರೆ, ನನ್ನನ್ನು ದೀಪಸ್ತಂಭದಿಂದಲೂ ಕೆಳಗೆ ತಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಆ ಪತ್ರವನ್ನು ಎರಡು ಸಲ ಓದಿದರು. "ತಡೆಹಿಡಿಯಲಾಗಿದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕಾಫಿ ಕುಡಿಯಲಿಲ್ಲ. ಆ ಭಾನುವಾರ ಸಭೆ ನಡೆಯಲಿಲ್ಲ. ಸೋಮವಾರ ಬೆಳಿಗ್ಗೆ ತಾವೇ ಫೋನ್ ಹಿಡಿದು ಕೂತು, ಮೂರು ಗಂಟೆ ಅದರ ಸಂಗೀತ ಕೇಳಿ, ಕಚೇರಿಯಲ್ಲಿ ಒಂದು ಭೇಟಿಯ ಸಮಯ ಸಂಪಾದಿಸಿದರು.

ಹೋದದ್ದು ಗುರುವಾರ. ದೊಡ್ಡಪ್ಪ ಟೈ ಕಟ್ಟಿದ್ದರು. ಮೇಜಿನ ಆಚೆ ನಡುವಯಸ್ಸಿನ ಅಧಿಕಾರಿಣಿಯೊಬ್ಬರು ಕೂತಿದ್ದರು. ನಾವು ಒಯ್ದಿದ್ದ ಅಸಲಿ ಕಾಗದವನ್ನೂ ಹೊನ್ನಾವರದ ಕಾಗದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ನಾನು ಅಲ್ಲಿ ಕೂತು, ಬೆಂಗಳೂರಿನ ವಿಮಾನ ಟಿಕೆಟ್ಟಿಗೆ ಕಿಟಕಿ ಪಕ್ಕದ ಸೀಟು ಸಿಗಬಹುದೇ ಎಂದು ಯೋಚಿಸುತ್ತಿದ್ದೆ.

"ಇದು ವಂಚನೆಗೆ ಮಾಡಿದ್ದಲ್ಲ, ಅದು ಕಾಣುತ್ತದೆ," ಎಂದರು ಆಕೆ ಜರ್ಮನ್ ಭಾಷೆಯಲ್ಲಿ. "ಆದರೆ ನನಗೆ ಅರ್ಥವಾಗುತ್ತಿಲ್ಲ. ನಮ್ಮ ವಸಾಹತುಗಳ ನೆನಪಿಗೆ ನಾವೇ ತಲೆ ತಗ್ಗಿಸುತ್ತೇವೆ. ನೀವು, ಒಬ್ಬ ಭಾರತೀಯರು, ಇನ್ನೊಂದನ್ನು ಯಾಕೆ ಕಟ್ಟಿದಿರಿ?"

ಮೂರು ವರ್ಷ ಆ ನಕ್ಷೆಯ ಕೆಳಗೆ ಕೂತು ಉಪ್ಪಿಟ್ಟು ತಿಂದವನು ನಾನು. ಒಮ್ಮೆ ಕೆರೆಯ ಜೋಕು ಕೇಳಿ ನಕ್ಕು ಸುಮ್ಮನಾದವನು, ಮತ್ತೆಂದೂ ಕೇಳಿರಲಿಲ್ಲ.

ದೊಡ್ಡಪ್ಪನ ಜರ್ಮನ್ ವಾಕ್ಯಗಳು ಪ್ರಾಧ್ಯಾಪಕರ ವಾಕ್ಯಗಳು, ಒಂದು ಶುರುವಾದರೆ ಕ್ರಿಯಾಪದ ಬರುವ ಹೊತ್ತಿಗೆ ಕೇಳುವವರು ಆಕಳಿಸುತ್ತಿರುತ್ತಾರೆ. ಅವತ್ತು ಬಹಳ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡಿದರು.

"ನನ್ನ ಹೆಂಡತಿ ಹೊನ್ನಾವರದವಳು. ಮದುವೆಯಾಗಿ ನಾನು ಮೊದಲು ಬಂದೆ. ಅವಳು ಆಮೇಲೆ ಬರಬೇಕಿತ್ತು. ಒಂದು ಕಾಗದ ಬೇಕು ಅಂದರು. ಕಳಿಸಿದೆ. ಇನ್ನೊಂದು ಬೇಕು ಅಂದರು. ಅದನ್ನೂ ಕಳಿಸಿದೆ. ಯಾರೂ ಕೆಟ್ಟವರಲ್ಲ. ಕಾಗದಗಳು ತಮ್ಮ ವೇಗದಲ್ಲಿ ನಡೆದವು. ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಅವಳಿಗೆ ಕಾಮಾಲೆಯಾಯಿತು. ಮೂರು ವಾರದಲ್ಲಿ ಹೋಗಿಬಿಟ್ಟಳು."

ಟೈಯ ಗಂಟು ಸಡಿಲಿಸಿ ಮುಂದುವರಿಸಿದರು.

"ಎರಡೂ ಒಂದೇ ದೇಶವಾಗಿದ್ದರೆ ಒಂದು ಟಿಕೆಟ್ ಕೊಂಡು ಹಡಗು ಹತ್ತಿ ಬಂದುಬಿಡುತ್ತಿದ್ದಳು. ಎರಡನ್ನೂ ಒಂದು ಮಾಡಲು ನನಗೆ ಬೇರೆ ದಾರಿ ತೋಚಲಿಲ್ಲ. ಇದು ತಪ್ಪೇ ಇರಬಹುದು. ನನ್ನ ಹೆಸರಿನ ಮುಂದೆ ಏನು ಬೇಕಾದರೂ ಬರೆದುಕೊಳ್ಳಿ. ಆ ಹುಡುಗಿಯನ್ನು ಮಾತ್ರ ಕಾಯಿಸಬೇಡಿ."

ದೊಡ್ಡಮ್ಮ ಎಂಬುವರೊಬ್ಬರು ಇದ್ದರು, ಚಿಕ್ಕ ವಯಸ್ಸಿಗೇ ತೀರಿಕೊಂಡರು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ಊರು ಯಾವುದೆಂದು ನಾನು ಕೇಳಿರಲಿಲ್ಲ. ಇಲ್ಲದ ರೈಲಿನ ವೇಳೆಯಲ್ಲಿ ತಪ್ಪು ಹಿಡಿದ ಮಹಾಶಯ, ನನ್ನೆದುರಿಗೆ ದಿನಾ ಊಟಕ್ಕೆ ಕೂರುತ್ತಿದ್ದ ಮನುಷ್ಯನಲ್ಲಿ ಏನು ತಪ್ಪಿಹೋಗಿದೆ ಎಂದು ನೋಡಿರಲಿಲ್ಲ. ನನ್ನ ಕೂಗಾಟ ನೆನಪಾಗಿ ಕುರ್ಚಿಯೊಳಗೆ ಹುದುಗಿಹೋಗಬೇಕು ಅನ್ನಿಸಿತು.

ಅಧಿಕಾರಿಣಿ ಕನ್ನಡಕ ತೆಗೆದು ಒರೆಸಿಕೊಂಡರು. ಅಸಲಿ ಕಾಗದವನ್ನು ಕಡತದೊಳಗೆ ಇಟ್ಟರು. ಹೊನ್ನಾವರದ್ದನ್ನು ಎರಡೂ ಕೈಯಲ್ಲಿ ಹಿಡಿದು ದೊಡ್ಡಪ್ಪನಿಗೆ ಹಿಂದಿರುಗಿಸಿ, "ಇದು ನನ್ನ ವ್ಯಾಪ್ತಿಯದ್ದಲ್ಲ. ನೀವೇ ಇಟ್ಟುಕೊಳ್ಳಿ," ಎಂದರು.

ಐದನೆಯ ವಾರ ವೀಸಾ ಬಂತು. ಚಿತ್ರಾಳನ್ನು ಕರೆತರಲು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ನಾನೊಬ್ಬನೇ ಹೋಗುವುದೆಂದಿತ್ತು. ದೊಡ್ಡಪ್ಪ ಬೆಳಿಗ್ಗೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಇಬ್ಬರೂ ರೈಲು ಹತ್ತಿದೆವು. ವಿಮಾನ ಇಳಿದು ಒಂದು ಗಂಟೆಯಾದರೂ ಅವಳು ಹೊರಗೆ ಬರಲಿಲ್ಲ. ನಾನು ಫೋನ್ ನೋಡುತ್ತಾ ಕೂತೆ. ಅವರು ಕಂಬಿ ಹಿಡಿದು ನಿಂತೇ ಇದ್ದರು, ಗಾಜಿನ ಬಾಗಿಲು ತೆರೆದಾಗಲೆಲ್ಲ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದೆ ಸರಿಯುತ್ತಿದ್ದರು.

ಕೊನೆಗೆ ಬಂದಳು. ಎರಡು ಸೂಟ್‌ಕೇಸು, ಕೆದರಿದ ಕೂದಲು. ನನ್ನ ಕಡೆ ನೋಡಿ ನಕ್ಕಳು, ಆಮೇಲೆ ಬಗ್ಗಿ ದೊಡ್ಡಪ್ಪನ ಕಾಲು ಮುಟ್ಟಿದಳು. ಅವರು ಆಶೀರ್ವಾದ ಮಾಡಲಿಲ್ಲ, ಪ್ರಯಾಣ ಹೇಗಾಯಿತು ಎಂದು ಕೇಳಲಿಲ್ಲ.

"ದಾರೀಲಿ ಯಾರೂ ತಡೀಲಿಲ್ಲ ತಾನೇ, ತಾಯಿ?" ಎಂದರು.

ಕಚೇರಿಯಲ್ಲಿ ನಡೆದದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ಅವಳು ಸಹಜವಾಗಿ, "ಇಲ್ಲ ದೊಡ್ಡಪ್ಪ, ಸೂಟ್‌ಕೇಸ್ ಬರೋದು ತಡ ಆಯ್ತು ಅಷ್ಟೇ, ಯಾರೂ ಏನೂ ಕೇಳ್ಲಿಲ್ಲ. ಸೀದಾ ಬಂದೆ," ಎಂದಳು.

ದೊಡ್ಡಪ್ಪ ನನ್ನ ಕಡೆ ತಿರುಗಿದರು. ನನಗೆ ಕೇಳಿಸಿಲ್ಲವೇನೋ ಎಂಬಂತೆ, "ಸೀದಾ ಬಂದ್ಲಂತೆ ಕಣೋ," ಎಂದರು. ಜನ ಓಡಾಡುವ ಆ ಹಾದಿಯ ನಡುವೆಯೇ ನಿಂತು ಅತ್ತುಬಿಟ್ಟರು.