ಬೂಟಿನ ರಕ್ಷಣೆಯಲ್ಲಿ ಎರಡು ದಿನ

ನಮ್ಮ ನಗರದಲ್ಲಿ ಒಂಟಿಯಾಗಿ ಪ್ರವಾಸ ಮಾಡುವ ಮಹಿಳೆಯರ ಸಮಸ್ಯೆ ಸಂಪೂರ್ಣವಾಗಿ ಬಗೆಹರಿದಿದೆ ಎಂದು ತಿಳಿಸಲು ಪ್ರವಾಸ ಇಲಾಖೆ ಹರ್ಷಿಸುತ್ತದೆ. ಇಲಾಖೆ ಹರ್ಷಿಸುವುದು ಅಪರೂಪವಾದ್ದರಿಂದ ವಿವರವಾಗಿಯೇ ಹೇಳುತ್ತೇನೆ. ನಾನು ಅಲ್ಲಿಯ ಗುಮಾಸ್ತ. ಇದರಲ್ಲಿ ಹೆಚ್ಚಿನದು ನಾನು ಕಣ್ಣಾರೆ ಕಂಡದ್ದು. ಕಾಣದ್ದನ್ನು ಕಂಡದ್ದಕ್ಕಿಂತ ಚೆನ್ನಾಗಿ ಬಲ್ಲೆ.

'ವಾರಾಂತ್ಯಕ್ಕೆ ನಮ್ಮೂರಿಗೆ ಬನ್ನಿ, ಒಬ್ಬರೇ ಬನ್ನಿ' ಎಂದು ಮಹಿಳೆಯರನ್ನು ಕರೆಯುವ ದೊಡ್ಡ ದೊಡ್ಡ ಫಲಕಗಳನ್ನು ಇಲಾಖೆ ಹಾಕಿಸಿತು. ಯಾರೂ ನಿರೀಕ್ಷಿಸದ ರೀತಿಯಲ್ಲಿ ಕೆಲವರು ಬಂದೇಬಿಟ್ಟರು. ನಿರ್ದೇಶಕರು ತುರ್ತು ಸಭೆ ಕರೆದರು.

"ಒಬ್ಬರೇ ಬನ್ನಿ ಅಂದ್ರೆ ನಿಜವಾಗ್ಲೂ ಒಬ್ಬರೇ ಬರ್ತಿದ್ದಾರಲ್ರೀ! ನಾಳೆ ಏನಾದ್ರೂ ಆದ್ರೆ ಯಾರ ತಲೆಗೆ ಬರತ್ತೆ?"

ಬೀದಿ ದೀಪಗಳನ್ನು ಸರಿಮಾಡಿಸಬಹುದು ಎಂದು ಒಬ್ಬ ಹೇಳಿದ. ಅವನನ್ನು ಬೇರೆ ಇಲಾಖೆಗೆ ವರ್ಗ ಮಾಡಲಾಯಿತು. ಹೆಂಗಸರ ಹಿಂದೆ ಬೀಳುವವರನ್ನು ಹಿಡಿಯಬಹುದು ಎಂದು ಇನ್ನೊಬ್ಬ ಹೇಳಿದ. "ಅವರು ನಮ್ಮೂರಿನ ಹುಡುಗರು ಕಣಯ್ಯ, ಇವರು ಎರಡು ದಿನಕ್ಕೆ ಬಂದು ಹೋಗೋರು" ಎಂದು ನಿರ್ದೇಶಕರು ತಿಳಿಹೇಳಿದರು.

ಆಗ ಯಾರೋ, ಗಂಡಸರ ಬೂಟು ಒಂದು ಜೊತೆ ಬಾಗಿಲ ಹೊರಗಿಟ್ಟರೆ ಆಯಿತಪ್ಪ, ಒಳಗೆ ಗಂಡಸಿದ್ದಾನೆ ಅಂದುಕೊಂಡು ಎಲ್ಲರೂ ತೆಪ್ಪಗಿರುತ್ತಾರೆ ಎಂದು ತಮಾಷೆ ಮಾಡಿದರು. ಹಾಗೆಂದವನು ನಾನೇ ಎಂದು ಈಗಲೂ ಕೆಲವರು ಹೇಳುತ್ತಾರೆ. ಇರಲಾರದು, ಆ ದಿನ ನಾನು ರಜೆಯಲ್ಲಿದ್ದೆ. ನಿರ್ದೇಶಕರು ನಗದೆ ಅದನ್ನು ಬರೆದುಕೊಂಡದ್ದನ್ನು ಮಾತ್ರ ಪಕ್ಕದಲ್ಲೇ ಕೂತು ನೋಡಿದೆ.

ನಿರ್ದೇಶಕರ ಭಾವಮೈದುನನ ಗೋದಾಮಿನಲ್ಲಿ, ಪೊಲೀಸರು ಬೇಡವೆಂದು ವಾಪಸು ಕಳಿಸಿದ ಬೂಟುಗಳ ರಾಶಿಯೇ ಇತ್ತು. ವಾಪಸು ಬರಲು ಕಾರಣ, ಎಲ್ಲವೂ ಎಡಗಾಲಿನವು. ಯಾರೂ ತೊಡುವಂಥದ್ದಲ್ಲವಾದ್ದರಿಂದ ಇದನ್ನು ದೋಷವೆಂದು ಪರಿಗಣಿಸಬೇಕಾಗಿಲ್ಲ ಎಂದು ಖರೀದಿ ಸಮಿತಿ ತೀರ್ಮಾನಿಸಿತು. ಮರುವಾರವೇ ಪ್ರಕಟಣೆ ಹೊರಬಿತ್ತು: 'ಒಂಟಿ ಮಹಿಳೆಯು ರೈಲು ಇಳಿದ ಕೂಡಲೇ ಬೂಟು ಪಡೆಯತಕ್ಕದ್ದು. ಬೂಟು ಸದಾ ಹೊರಗಿನವರಿಗೆ ಕಾಣುವಂತಿರತಕ್ಕದ್ದು. ಮಹಿಳೆ ಕಾಣುವಂತಿರತಕ್ಕದ್ದಲ್ಲ.'

ಮೊದಲ ಜೊತೆ ಬೂಟು ಹೋದದ್ದು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಒಬ್ಬಾಕೆಗೆ. ವರ್ಷಾನುಗಟ್ಟಲೆ ಊರವರ ಗಾಜು ಉಜ್ಜಿ ಉಜ್ಜಿ, ಗೇಣುದ್ದದಾಚೆಗೆ ಏನನ್ನೂ ನೋಡದೆ ಆಕೆಗೆ ಸಾಕಾಗಿತ್ತು. ಎರಡು ದಿನ ಸುಮ್ಮನೆ ಕೂತು ಹರಿಯುವ ನದಿಯನ್ನು ನೋಡಬೇಕು, ಅಷ್ಟೇ. ಜೊತೆಗೆ ಬರುತ್ತೇನೆಂದ ಅತ್ತಿಗೆಗೆ, "ನೀವು ಬಂದ್ರೆ ನಿಮ್ಮನ್ನೇ ನೋಡ್ಕೋತಾ ಇರ್ಬೇಕಾಗತ್ತೆ ಅತ್ತಿಗೆ, ನದಿ ಯಾವಾಗ ನೋಡ್ಲಿ?" ಎಂದು ಹೇಳಿ ಬಂದವಳು.

ನದಿಗೆ ಮುಖಮಾಡಿದ ಹೋಟೆಲಿನಲ್ಲಿ ಮ್ಯಾನೇಜರ್ ಎದ್ದು ನಿಂತು ಬೂಟಿಗೆ ಕೈಮುಗಿದ.

"ಸಾರ್‌ಗೆ ಕಿಟಕಿ ಕಡೆ ಜಾಗ ಅಲ್ವಾ ಮೇಡಂ?"

"ಕಿಟಕಿ ಬೇಕಾಗಿರೋದು ನನಗೆ. ಇದು ಬರೀ ಬೂಟು ಕಣ್ರೀ."

"ಗೊತ್ತು ಮೇಡಂ. ಆದ್ರೆ ಅವರು ಹೊರಗಡೆಗೆ ಕಾಣಬೇಕು, ನೀವು ಕಾಣಬಾರದು. ರೂಲ್ಸು."

ಬಾಡಿಗೆಯನ್ನು ಇಬ್ಬರ ಲೆಕ್ಕದಲ್ಲಿ ಹಿಡಿದು, ಬೂಟುಗಳನ್ನು ಕಿಟಕಿಕಟ್ಟೆಯ ಮೇಲೆ ನದಿಯ ಕಡೆಗೆ ತಿರುಗಿಸಿಟ್ಟು, ಅವುಗಳ ಹಿಂದೆ ಪರದೆ ಎಳೆದು, ಪರದೆಗೆ ಪಿನ್ನು ಚುಚ್ಚಿ ಆತ ಹೋದ. ಆಕೆ ಮಂಚದ ಮೇಲೆ ಕೂತು ಪರದೆ ನೋಡಿದಳು. ಕಾಫಿ ತಂದ ಸಪ್ಲೈಯರ್ ಪರದೆಯ ಕಡೆ ಬಾಗಿ, "ಸಕ್ಕರೆ ಎಷ್ಟು ಸಾರ್?" ಎಂದ. ಉತ್ತರ ಬರಲಿಲ್ಲ.

"ಸಾರ್ ಯಾಕೋ ಬೇಜಾರಾಗಿದ್ದಾರೆ. ಏನಂದ್ರಿ ಮೇಡಂ ಅವರಿಗೆ?"

"ಏನೂ ಅಂದಿಲ್ಲಪ್ಪ. ಎರಡೂ ಎಡಗಾಲು ನೋಡು, ಹುಟ್ಟಿದಾಗಿಂದ ಹಾಗೇ."

"ಪಾಪ, ನೀವೇ ಸ್ವಲ್ಪ ಹೊಂದ್ಕೊಂಡು ಹೋಗಿ" ಎಂದು ಆತ ಎರಡು ಕಾಫಿಗೆ ಬಿಲ್ಲು ಬರೆದ.

ಮರುದಿನ ಆಕೆ ದೂರು ಕೊಡಲು ನಮ್ಮ ಕಚೇರಿಗೆ ಬಂದಳು. ಬೂಟು ಎಲ್ಲಿ ಎಂದು ಕೇಳಿದೆ. ಹೋಟೆಲಿನಲ್ಲಿದೆ, ನದಿ ನೋಡುತ್ತಿದೆ ಎಂದಳು. ಹಾಗಾದರೆ ತಾವು ಒಬ್ಬರೇ ಬಂದಂತಾಯಿತು, ಒಬ್ಬರೇ ಬಂದವರ ದೂರು ತೆಗೆದುಕೊಳ್ಳಲು ಅವಕಾಶವಿಲ್ಲ ಎಂದು ವಿನಯವಾಗಿಯೇ ವಿವರಿಸಿದೆ. ನನ್ನ ಕನ್ನಡಕದ ಗಾಜಿನ ಕೊಳೆಯನ್ನೇ ಸ್ವಲ್ಪ ಹೊತ್ತು ನೋಡಿ ಆಕೆ ಕೇಳಿದಳು:

"ಬೂಟಿನೊಳಗೆ ಕಾಲು ಇರಬಾರದು ಅಂತ ಎಲ್ಲಾದ್ರೂ ಬರೆದಿದ್ಯಾ?"

ನಿಯಮವನ್ನು ಮತ್ತೊಮ್ಮೆ ಓದಿದೆ. ಬರೆದಿರಲಿಲ್ಲ.

ಸಂಜೆ ಆಕೆ ಬೂಟು ತೊಟ್ಟು ಹೊರಬಿದ್ದಳು. ಮ್ಯಾನೇಜರ್ ಓಡಿಬಂದು ಬಾಗಿಲು ತೆರೆದ. ಟ್ಯಾಕ್ಸಿಯವನು ಸರಿಯಾದ ಬಾಡಿಗೆ ಹೇಳಿದ. ಹಿಂದೆ ಬೀಳುವ ಹುಡುಗರು ಬೂಟಿನ ಸದ್ದಿಗೆ ಬೀಡಿ ಮರೆಮಾಡಿ ದಾರಿ ಬಿಟ್ಟರು. ಬಲಗಾಲನ್ನು ಎಳೆದುಕೊಂಡು ದಂಡೆ ಸೇರಿ, ಕಲ್ಲುಬೆಂಚಿನ ಮೇಲೆ ಕೂತು ಆಕೆ ಕೊನೆಗೂ ನದಿ ನೋಡಿದಳು. ಚೆನ್ನಾಗಿತ್ತಂತೆ. ಬಲಗಾಲಿಗೆ ಬೊಬ್ಬೆ ಎದ್ದಿತ್ತು. ಸ್ವಲ್ಪ ಗಾಳಿಯಾಡಲಿ ಎಂದು ಬೂಟು ಬಿಚ್ಚಿದಳು.

ತಕ್ಷಣ ದಂಡೆಯ ಕಾವಲುಗಾರ ಸೀಟಿ ಊದಿದ. "ಏನಮ್ಮ, ಒಬ್ಬಳೇ ಇಲ್ಲೇನ್ ಮಾಡ್ತಿದ್ದೀಯ? ಏಳು, ಏಳು!"

ಆಕೆ ಬೂಟಿನೊಳಗೆ ಕಾಲು ತುರುಕಿದಳು.

"ಅಯ್ಯೋ, ನೀವಾ ಸಾರ್! ನೋಡ್ಲಿಲ್ಲ. ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಆತ ಬೂಟಿಗೆ ಸೆಲ್ಯೂಟ್ ಹೊಡೆದು ಹೋದ. ಕತ್ತಲಾಗುವವರೆಗೂ ಆಕೆ ಅವನ್ನು ಬಿಚ್ಚಲಿಲ್ಲ.

ಸುದ್ದಿ ತಿಳಿದ ಇಲಾಖೆ ನಿಯಮಕ್ಕೆ ತಿದ್ದುಪಡಿ ತಂದಿತು: 'ಬೂಟಿನೊಳಗಿರುವ ಮಹಿಳೆಯನ್ನು ಸ್ಥಳದಲ್ಲಿ ಹಾಜರಿಲ್ಲವೆಂದು ಭಾವಿಸತಕ್ಕದ್ದು.' ಪ್ರವಾಸ ಹೇಗಿತ್ತೆಂದು ತಿಳಿಯಲು ಬೂಟುಗಳನ್ನು ಕಚೇರಿಗೆ ಕರೆಸಿ, ಕುರ್ಚಿ ಕೊಟ್ಟು ಕೇಳಿದೆವು. ಅವು ಏನೂ ಹೇಳಲಿಲ್ಲ. 'ದೂರುಗಳಿಲ್ಲ' ಎಂದು ಷರಾ ಬರೆದೆ. ಯೋಜನೆಗೆ ಪ್ರಶಸ್ತಿ ಬಂತು. ತೆಗೆದುಕೊಳ್ಳಲು ಭಾವಮೈದುನ ಹೋದ.

ಕನ್ನಡಕದಂಗಡಿಯಾಕೆ ಈಗಲೂ ಆಗಾಗ ಬರುತ್ತಾಳೆ. ಆಕೆಯ ಮಾತು ಕೇಳಿ ಬೇರೆಯವರೂ ಬರುತ್ತಾರೆ, ಒಬ್ಬೊಬ್ಬರೇ. ನಿಲ್ದಾಣದಿಂದ ನದಿಯವರೆಗೆ, ಬೂಟು ತೊಟ್ಟ ಹೆಂಗಸರು ಒಂದೇ ಕಡೆಗೆ ವಾಲಿ, ಕುಂಟುತ್ತ, ಯಾರ ಕಾಟವೂ ಇಲ್ಲದೆ ಸಾಗುತ್ತಾರೆ. ಮೊನ್ನೆ ನಿರ್ದೇಶಕರು ಕಚೇರಿಯ ಕಿಟಕಿಯಲ್ಲಿ ನಿಂತು ಬಹಳ ಹೊತ್ತು ಅವರನ್ನೇ ನೋಡಿದರು. ಮರುಕದಿಂದ ತಲೆಯಾಡಿಸಿದರು.

"ನೋಡ್ರೀ, ಹೆಂಗಸರಿಗೆ ನೆಟ್ಟಗೆ ನಡೆಯೋಕೂ ಬರಲ್ಲ. ಇಂಥವರನ್ನ ಒಬ್ಬೊಬ್ಬರನ್ನೇ ಹೇಗ್ರೀ ಬಿಡೋದು?"

ನಾವೆಲ್ಲ ಹೌದೆಂದೆವು. ಭಾವಮೈದುನನ ಗೋದಾಮಿಗೆ ನಿನ್ನೆಯಿಂದ ಊರುಗೋಲುಗಳು ಬಂದಿಳಿಯುತ್ತಿವೆ.